ಊದೋನ್‌ನಲ್ಲಿ ನಿಲ್ಲುವ ರೈಲು

ನಾಂತ್, ಮಂಗಳವಾರ

ಪ್ರೀತಿಯ ಅಪ್ಪಾ,

ದ್ರಾಕ್ಷಿತೋಟ ನೋಡಿಕೊಳ್ಳಲಾರೆ ಎಂದು ನಿನ್ನೊಂದಿಗೆ ಜಗಳವಾಡಿ ಬಂದು ಮೂರು ವರ್ಷವಾಯಿತು. ಅಂದಿನಿಂದ ಆಂಜೇ ನಗರದ ಕೆಲಸಕ್ಕೆ ಎಕ್ಸ್‌ಪ್ರೆಸ್‌ನಲ್ಲೇ ಓಡಾಡುತ್ತಿದ್ದೇನೆ. ಅದು ನಮ್ಮೂರು ಊದೋನ್‌ನಲ್ಲಿ ನಿಲ್ಲುವುದಿಲ್ಲ ಎಂದೇ ಆರಿಸಿಕೊಂಡಿದ್ದೆ. ಆದರೂ ದಿನಾ ಕಿಟಕಿಯಿಂದ, ಹಳಿಯ ಪಕ್ಕದ ನಮ್ಮ ತೋಟದಲ್ಲಿ ನಿನ್ನನ್ನು ಹುಡುಕುತ್ತೇನೆ. ಕಳೆದ ವಾರ ನಿನ್ನ ಕೈಯಲ್ಲಿ ಊರುಗೋಲಿತ್ತು.

ಈ ಶುಕ್ರವಾರ ಕೆಲಸ ಮುಗಿಸಿ ಪ್ಯಾಸೆಂಜರ್ ಹತ್ತುತ್ತೇನೆ. ಜೊತೆಗೆ ಓಡಾಡುವ ಅರ್ಮೆಲ್ ನಕ್ಕಳು: "ಹುಚ್ಚೇನೇ ನಿಂಗೆ? ಅದು ಹಳ್ಳಿಹಳ್ಳಿಗೂ ನಿಲ್ಲುತ್ತೆ!"

"ನಂಗೆ ಒಂದು ಹಳ್ಳೀಲಿ ನಿಂತ್ರೆ ಸಾಕು ಕಣೇ" ಎಂದೆ.

ಆರೂವರೆಗೆ ಇಳಿಯುತ್ತೇನೆ. ನೀನು ನಿಲ್ದಾಣಕ್ಕೆ ಬರಬೇಡ. ಬ್ರೆಡ್ಡು, ಚೀಸು ನಾನು ತರುತ್ತೇನೆ, ವೈನ್ ನಿನ್ನದು. ಬಾಗಿಲು ತೆಗೆಯದಿದ್ದರೆ ಹೊಸ್ತಿಲಲ್ಲೇ ಕೂತು ಉಣ್ಣುತ್ತೇನೆ. ನನಗೆ ಸೋಮವಾರದವರೆಗೆ ರಜೆಯಿದೆ.

ನಿನ್ನಷ್ಟೇ ಹಟಮಾರಿ,
ಸೊಲೀನ್