ಫಿರಂಗಿ ಯಾವ ರಿಪೇರಿಗೆ ಹೋಗಿದೆ?

ಸ್ಮಾರಕಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬಾಣಾವರದಾಚೆಯ ಗುಡ್ಡದ ಕೋಟೆಯಿಂದ ಫಿರಂಗಿ ಕಾಣೆಯಾಗಿದೆ. ಅದನ್ನು ಹುಡುಕುವ ಬದಲು ತಾವು ನನಗೂ ನನ್ನ ಹೆಂಡತಿಗೂ ಅತಿಕ್ರಮ ಪ್ರವೇಶದ ನೋಟಿಸ್ ಕಳಿಸಿದ್ದೀರಿ. ತಮ್ಮ ಕಚೇರಿಗೆ ಇದ್ದಕ್ಕಿದ್ದಂತೆ ಇಷ್ಟೊಂದು ಚುರುಕು ಎಲ್ಲಿಂದ ಬಂತು ಎಂಬುದೇ ನನ್ನ ಮೊದಲ ಅನುಮಾನ.

ನಾನು ಅರಸೀಕೆರೆಯಲ್ಲಿ ಇತಿಹಾಸ ಪಾಠ ಹೇಳುವ ಮೇಷ್ಟ್ರು. ಕಳೆದ ಭಾನುವಾರ ಹೆಂಡತಿ ಆಂಡಾಳ್ ಜೊತೆ ಆ ಕೋಟೆ ಹತ್ತಿದೆ. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋಗಿ, ಬುರುಜಿನ ಮೇಲಿನ ಫಿರಂಗಿಗೆ ಒರಗಿ ಕೂತು ಪುಳಿಯೋಗರೆ ತಿಂದವರು ನಾವು. ಈ ಸಲ ಬುರುಜಿನ ಬಾಗಿಲಿಗೆ ಅಡ್ಡಲಾಗಿ ಮುಳ್ಳುತಂತಿ, ಅದಕ್ಕೆ ನೇತುಹಾಕಿದ ‘ಕುಸಿಯುವ ಅಪಾಯ, ಪ್ರವೇಶವಿಲ್ಲ’ ಎಂಬ ಹೊಸ ಬೋರ್ಡು. ಸಂದಿಯಿಂದ ಇಣುಕಿದರೆ ಫಿರಂಗಿಯ ಜಾಗ ಖಾಲಿ.

ಕಾವಲುಗಾರನನ್ನು ಕೇಳಿದೆ. “ರಿಪೇರಿಗೆ ಹೋಗೈತೆ ಸಾರ್,” ಎಂದ, ನನ್ನ ಮುಖ ನೋಡದೆ.

“ರಿಪೇರಿ ಮಾಡಿ ಯಾರ ಮೇಲಪ್ಪಾ ಹಾರಿಸ್ತಾರಂತೆ?” ಎಂದಳು ಆಂಡಾಳ್.

“ನಂಗೇನ್ ಗೊತ್ತು ಅಮ್ಮಾವ್ರೇ. ಮೇಲಿನೋರು ಹಂಗಂತ ಹೇಳವ್ರೆ. ನೀವು ಇಳೀರಿ.”

ಅಷ್ಟರಲ್ಲಿ ಗುಡ್ಡದ ಹಿಂಬದಿಯಿಂದ ಟ್ರ್ಯಾಕ್ಟರ್ ಸದ್ದು. ಸುತ್ತಿಕೊಂಡು ಹೋಗಿ ನೋಡಿದರೆ, ಹಿಂಗೋಡೆಯನ್ನೇ ಒಡೆದು ದಾರಿ ಮಾಡಿದ್ದಾರೆ. ಟ್ರೈಲರ್ ತುಂಬ ಕೋಟೆಯ ಕಲ್ಲು. ಕುಸಿಯುವ ಕೋಟೆಯೊಳಗೆ ಟ್ರ್ಯಾಕ್ಟರ್ ಓಡಾಡಬಹುದು, ಗಂಡಹೆಂಡತಿ ನಡೆದಾಡಬಾರದು! ಇದು ಯಾವ ಎಂಜಿನಿಯರಿಂಗ್ ಸ್ವಾಮಿ?

ನಾನು ಹಿಂಜರಿದು ನಿಂತಿದ್ದೆ. ಆಂಡಾಳ್ ಹೋಗಿ ಒಡೆದ ಗೋಡೆಯ ನಡುವೆ ಕೂತೇಬಿಟ್ಟಳು.

ಚಾಲಕ ಹಾರನ್ ಹೊಡೆದ. “ಏಳಮ್ಮೋ, ಲೋಡ್ ಹೋಗ್ಬೇಕು!”

“ಕಲ್ಲು ಇಳಿಸಿ ಹೋಗಪ್ಪ. ನಾನಂತೂ ಏಳಲ್ಲ.”

ಮಂಡಿನೋವಿನ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲುಗಳ ಮೇಲೆ ಕಾಲು ಚಾಚಿದಳು. ಅದನ್ನು ನೋಡಿ ನಾನೂ ಪಕ್ಕದಲ್ಲಿ ಕೂತೆ. ಚಾಲಕ ಯಾರಿಗೋ ಫೋನ್ ಮಾಡಿ, ಬಹಳ ಹೊತ್ತು ಪಿಸುಗುಟ್ಟಿ, ಕೊನೆಗೆ ಕಲ್ಲನ್ನೆಲ್ಲ ಅಲ್ಲೇ ಸುರಿದು ಹೋದ. ಕಾವಲುಗಾರ ಹತ್ತಿರ ಬಂದು, “ನನ್ನೆಸ್ರು ಎಲ್ಲೂ ಬರೀಬ್ಯಾಡಿ ಸಾರ್,” ಎಂದ. ಬರೆದಿಲ್ಲ. ಅವನೊಬ್ಬನನ್ನು ಎತ್ತಂಗಡಿ ಮಾಡಿ ಕೈ ತೊಳೆದುಕೊಳ್ಳುವ ಯೋಚನೆ ತಮಗಿದ್ದರೆ, ದಯವಿಟ್ಟು ಬಿಡಿ.

ಅಲ್ಲಿ ನಮ್ಮ ಹೆಸರು, ವಿಳಾಸ ಯಾರೂ ಕೇಳಲಿಲ್ಲ. ಆದರೂ ಮಂಗಳವಾರ ನೋಟಿಸ್ ಮನೆಬಾಗಿಲಿಗೆ ಬಂತು. ಕೆಳಗೆ ನಿಲ್ಲಿಸಿದ್ದ ನಮ್ಮ ಸ್ಕೂಟರಿನ ನಂಬರನ್ನು ತಮಗೆ ತಲುಪಿಸಿದವರು ಯಾರು? ಚಾಲಕ ಫೋನ್ ಮಾಡಿದ್ದು ಯಾರಿಗೆ?

ಫಿರಂಗಿ ಯಾರ ಅಂಗಳದಲ್ಲಿದೆ, ಕಲ್ಲು ಎಲ್ಲಿಗೆ ಹೊರಟಿತ್ತು ಎಂಬುದನ್ನು ಬಾಣಾವರದ ಜನರೆದುರು ಬಂದು ಹೇಳಿ. ಬರುವ ಭಾನುವಾರ ನಾವು ಮತ್ತೆ ಕೋಟೆ ಹತ್ತುತ್ತೇವೆ. ನನ್ನ ಶಾಲೆಯ ಮಕ್ಕಳ ತಂದೆತಾಯಂದಿರೂ ಬರುತ್ತಾರಂತೆ. ನೋಟಿಸುಗಳನ್ನು ಸಾಕಷ್ಟು ಅಚ್ಚು ಹಾಕಿಸಿಟ್ಟುಕೊಳ್ಳಿ.

ಇಂತಿ, ತಮ್ಮ ಕಡತದಲ್ಲಿ ಅತಿಕ್ರಮಣಕಾರನಾಗಿ ಬಡ್ತಿ ಪಡೆದ,
ರಘುರಾಮ್ ಮೇಷ್ಟ್ರು, ಅರಸೀಕೆರೆ