ಆ ಹಡಗಿನಲ್ಲಿ ನನ್ನ ಮಗಳಿದ್ದಾಳೆ

ಹದಿನಾರನೇ ತಾರೀಕು, ಭಾನುವಾರ
ಮನೆಯಿಂದ

ಮುದ್ದು ಪಿಟೀಲು,

ನಾವಿಬ್ಬರೂ ಎದ್ದು ಓಡಾಡಿಕೊಂಡಿದ್ದೇವೆ, ಉಂಡದ್ದು ಅರಗುತ್ತಿದೆ. ಅಷ್ಟನ್ನೇ ಕ್ಷೇಮ ಅಂತ ಇಟ್ಟುಕೋ. ನಿನ್ನ ಕಾಗದ ಕೈಗೆ ಬಂದು ಇವತ್ತಿಗೆ ಹನ್ನೆರಡು ದಿನ. ತಡವಾಯಿತು, ಮನಸ್ಸಿನಲ್ಲೇ ಬೈದುಕೋ. ಇಪ್ಪತ್ತನಾಲ್ಕು ವರ್ಷದ ಮಗಳನ್ನ ಇನ್ನೂ ಪಿಟೀಲು ಅಂತ ಕರೀತೀರಲ್ಲ ಅಂತ ನಿಮ್ಮಮ್ಮ ಪಕ್ಕದಲ್ಲೇ ಗೊಣಗುತ್ತಿದ್ದಾಳೆ. ತೊಟ್ಟಿಲಲ್ಲಿ ನೀನು ಬೀದಿಗೆಲ್ಲ ಕೇಳುವ ಹಾಗೆ ರಾಗ ತೆಗೆಯುತ್ತಿದ್ದಾಗ ಆ ಹೆಸರಿಟ್ಟವಳೇ ಅವಳು. ಈಗ ಒಪ್ಪಿಕೊಳ್ಳುವುದಿಲ್ಲ, ಬಿಡು.

ನೀನು ಕೇಳಿದ್ದು ಒಂದೇ ಮಾತು. ಈ ಇಪ್ಪತ್ತೈದಕ್ಕೆ ಕರಾರು ಮುಗಿಯುತ್ತೆ, ಇನ್ನೆಂಟು ತಿಂಗಳಿಗೆ ಸಹಿ ಹಾಕಲಾ, ಇಲ್ಲ ಮನೆಗೆ ಬಂದುಬಿಡಲಾ ಅಂತ. ಇದಕ್ಕೆ ಉತ್ತರ ಬರೆಯಲು ಎರಡು ಸಾಲು ಸಾಕು. ನಿಮ್ಮಮ್ಮನೂ ದಿನಾ ಅದನ್ನೇ ಹೇಳುತ್ತಾಳೆ, "ಬಾ ಅಂತ ಬರೆಯೋಕೆ ನಿಮಗೇನು ಪಂಚಾಂಗ ನೋಡಬೇಕಾ?" ಅಂತ. ಅವಳಿಗೆ ಏನು ಹೇಳಲಿ? ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಆಫೀಸಿನಲ್ಲಿ ಟಿಕೆಟ್ ಕೊಳ್ಳಲು ಬಂದವರ ಮುಂದೆ ಹಡಗು ಸುರಕ್ಷಿತ, ಹಡಗು ಸುರಕ್ಷಿತ ಅಂತ ಬಾಯಿ ಬಡಿದುಕೊಂಡು ಬಂದವನಿಗೆ ಮನೆಯಲ್ಲಿ ಮಾತೇ ಹೊರಡುವುದಿಲ್ಲ.

ನಿನ್ನ ಕಾಗದ ನಿಮ್ಮಮ್ಮನಿಗೆ ಬಾಯಿಪಾಠವಾಗಿದೆ. ಹಡಗಿನ ಮಕ್ಕಳ ಕೋಣೆಯಲ್ಲಿ ಮೊದಲು ಹತ್ತು ಹನ್ನೆರಡು ಮಕ್ಕಳು, ನೋಡಿಕೊಳ್ಳುವುದಕ್ಕೆ ನೀವು ಮೂವರು. ಈಗ ಇಪ್ಪತ್ತೆಂಟು ಮಕ್ಕಳು, ನೀನೊಬ್ಬಳೇ, ಊಟದ ಹೊತ್ತಿಗೆ ಮಾತ್ರ ಇನ್ನೊಬ್ಬಳು. ಅಪಾಯದ ಗಂಟೆ ಹೊಡೆದರೆ ಅಷ್ಟಕ್ಕೂ ತೇಲುವ ಜಾಕೆಟ್ ತೊಡಿಸಿ, ಮೂರು ಮಹಡಿ ಹತ್ತಿಸಿ, ದೋಣಿಯ ಹತ್ತಿರ ಸಾಲಾಗಿ ನಿಲ್ಲಿಸಬೇಕು. ಅಭ್ಯಾಸದ ದಿನ ನಿಲ್ಲಿಸಿ ಎಣಿಸಿದರೆ ಇಪ್ಪತ್ತಾರೇ ಇದ್ದವು, ಉಳಿದೆರಡು ಇದೂ ಒಂದು ಆಟ ಅಂದುಕೊಂಡು ಕೋಣೆಯಲ್ಲಿ ಮೇಜಿನ ಕೆಳಗೆ ಅವಿತುಕೊಂಡಿದ್ದವು. "ಅಪ್ಪಾ, ನನ್ನ ಜೀವದ ಭಯ ಅಲ್ಲ, ನನ್ನದು ಎಣಿಕೆಯ ಭಯ" ಅಂತ ಬರೆದಿದ್ದೀಯಲ್ಲ, ಆ ಸಾಲಿಗೆ ಬಂದಾಗ ಕಾಗದ ಮಡಿಸಿಟ್ಟುಬಿಟ್ಟೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿಕೋ.

ನಿಮ್ಮ ಕಂಪನಿಯ ಇನ್ನೊಂದು ಹಡಗು ಮಂಜಿನಲ್ಲಿ ಸರಕಿನ ಹಡಗಿಗೆ ಗುದ್ದಿ ಮಗುಚಿಕೊಂಡ ದಿನ ನಮ್ಮ ಆಫೀಸಿನ ಫೋನು ಬೆಳಿಗ್ಗೆಯೇ ಶುರುವಾಯಿತು. ಹನ್ನೊಂದು ಜನ ಹೋದರಂತೆ ಅನ್ನುವ ಸುದ್ದಿ ಬರುವ ಮೊದಲೇ ಏಳು ಜನ ಟಿಕೆಟ್ ರದ್ದು ಮಾಡಿದ್ದರು. ನಾನು ಮೊದಲು ನಿನ್ನ ಹಡಗು ಎಲ್ಲಿದೆ ಅಂತ ನೋಡಿದೆ, ಆಮೇಲೆ ನೀರು ಕುಡಿದೆ, ಆಮೇಲೆ ಫೋನೆತ್ತಿದೆ. ಎಲ್ಲರದೂ ಒಂದೇ ಪ್ರಶ್ನೆ, "ನಾವು ಹೋಗೋದು ಅದೇ ಹಡಗಾ?" ಅಂತ. ಅಲ್ಲ ಅಂದರೆ, "ಅಂಥದ್ದೇನಾ?" ಅಂಥದ್ದೇ, ಒಂದೇ ಹಡಗುಕಟ್ಟೆಯಲ್ಲಿ ಒಂದೇ ವರ್ಷ ಕಟ್ಟಿದ್ದು ಅಂತ ನಾನು ಹೇಗೆ ಹೇಳಲಿ? ಇಪ್ಪತ್ತು ದಿನ ಒಂದೇ ಒಂದು ಟಿಕೆಟ್ ಹೋಗಲಿಲ್ಲ. ನಾಲ್ಕು ಕುರ್ಚಿಯಲ್ಲಿ ಎರಡು ಖಾಲಿಯಾದವು. ಕಿಟಕಿಯಲ್ಲಿದ್ದ ಹಡಗಿನ ಮಾದರಿಯನ್ನ ನಮ್ಮ ಟೈ ಸಾಹೇಬ, ಅದೇ, ಹೊಸ ಮ್ಯಾನೇಜರು, ಒಳಗೆ ಒಯ್ದು ಕಪಾಟಿನ ಹಿಂದೆ ಇಟ್ಟ.

ಆಮೇಲೆ ಮೇಲಿನವರು ದರ ಇಳಿಸಿದರು. ನೂರಕ್ಕೆ ಹದಿನೈದು ಇಳಿಸಿದಾಗ ಫೋನು ಬಂತು, ಜನ ಬರಲಿಲ್ಲ. ಮೂವತ್ತು ಇಳಿಸಿದಾಗ ಜನ ಬಂದರು, ಕೂತರು, ಕಾಫಿ ಕುಡಿದರು, "ಇನ್ನೂ ಇಳಿಯುತ್ತಾ?" ಅಂತ ಕೇಳಿ ಎದ್ದುಹೋದರು. ಭಯಪಟ್ಟವರು ಯಾರು, ಇನ್ನೂ ಅಗ್ಗವಾಗಲಿ ಅಂತ ಕಾಯುತ್ತಿರುವವರು ಯಾರು ಅಂತ ಗೊತ್ತೇ ಆಗುತ್ತಿರಲಿಲ್ಲ, ಇಬ್ಬರೂ ಒಂದೇ ಥರ ಹಣೆ ಉಜ್ಜಿಕೊಳ್ಳುತ್ತಿದ್ದರು. ಅರ್ಧಕ್ಕೆ ಇಳಿದಾಗ ನೋಡು, ಭಯ ಅನ್ನೋದು ಎಲ್ಲಿಗೆ ಹೋಯಿತೋ! ಹೆದರಿಕೆಗೂ ಒಂದು ದರ ಇರುತ್ತೆ ಪಿಟೀಲು, ಮೂವತ್ತು ವರ್ಷ ಈ ಕುರ್ಚಿಯಲ್ಲಿ ಕೂತರೂ ಅದು ಇಷ್ಟು ಕಡಿಮೆ ಅಂತ ನನಗೆ ಗೊತ್ತಿರಲಿಲ್ಲ.

ಬಂದವರಲ್ಲಿ ಹೆಚ್ಚಿನವರು ಹೊಸಬರು. ಹಿಂದೆ ಆರು ಏಳು ಸಲ ಹೋಗಿ ಬಂದಿದ್ದ ಹಳಬರು ಪ್ರಶ್ನೆಯೇ ಕೇಳಲಿಲ್ಲ, ಬಾಲ್ಕನಿ ಇರುವ ಕೋಣೆ ಆರಿಸಿಕೊಂಡು ಹೋದರು. ಹೊಸಬರು ಮಾತ್ರ ನಕ್ಷೆ ಬಿಡಿಸಿ ಬೆರಳಿಟ್ಟು ಅಳೆಯುತ್ತಿದ್ದರು, ಮಲಗುವ ಕೋಣೆಯಿಂದ ಮೆಟ್ಟಿಲಿಗೆ ಎಷ್ಟು, ಮೆಟ್ಟಿಲಿಂದ ದೋಣಿಗೆ ಎಷ್ಟು. ಕೆಳಗಿನ ಅಂತಸ್ತಿನ ಕೋಣೆ ಪುಕ್ಕಟೆ ಕೊಟ್ಟರೂ ಬೇಡ. ನಿವೃತ್ತ ದರ್ಜಿಯೊಬ್ಬರು ಗಂಭೀರವಾಗಿ, "ಈಜು ಬರದವರಿಗೆ ಬೇರೆ ರಿಯಾಯಿತಿ ಇಲ್ವಾ?" ಅಂದರು. ಎಷ್ಟೋ ದಿನದ ಮೇಲೆ ನಾನು ನಕ್ಕಿದ್ದು ಆವತ್ತೇ.

ಅವರಾದ ಮೇಲೆ ಬಂದ ಒಬ್ಬ ಹೆಂಗಸು ಪೆನ್ನು ಕೈಯಲ್ಲಿ ಹಿಡಿದು ಕೇಳಿದಳು, "ನಿಜ ಹೇಳಿ, ನಿಮ್ಮ ಮನೆಯವರನ್ನ ಇದರಲ್ಲಿ ಕಳಿಸ್ತೀರಾ?" ನನ್ನ ಬಾಯಿಂದ ತಾನಾಗಿ ಬಂತು, "ಆ ಹಡಗಿನಲ್ಲೇ ನನ್ನ ಮಗಳಿದ್ದಾಳೆ ಕಣಮ್ಮ" ಅಂತ. ಮೇಜಿನ ಮೇಲಿನ ನಿನ್ನ ಫೋಟೋ ತಿರುಗಿಸಿ ತೋರಿಸಿದೆ. ಸುಳ್ಳೇನಲ್ಲವಲ್ಲ. ಅವಳು ಫೋಟೋ ನೋಡಿದಳು, ಸಹಿ ಹಾಕಿದಳು.

ಅಷ್ಟೇ ಆಗಿದ್ದರೆ ಸರಿ. ಮಾರನೇ ದಿನವೂ ಹೇಳಿದೆ. ಒಂದು ವಾರದಲ್ಲಿ ಅದೇ ನನ್ನ ಕಸುಬಾಯಿತು. ಟೈ ಸಾಹೇಬ ಬೆನ್ನು ತಟ್ಟಿದ, "ಸರ್, ಇದನ್ನ ಎಲ್ಲ ಶಾಖೆಗೂ ಕಳಿಸ್ತೀನಿ" ಅಂದ. ಈಗ ನಾನು ಮುಖ ಕಂಡಿರದ ಜನ ಫೋನಿನಲ್ಲಿ, "ನಮ್ಮ ಹಿರಿಯ ಸಹೋದ್ಯೋಗಿಯ ಮಗಳೇ ಅಲ್ಲಿದ್ದಾಳೆ" ಅಂತ ನಿನ್ನನ್ನ ಮುಂದಿಟ್ಟುಕೊಂಡು ಮಾರುತ್ತಿದ್ದಾರೆ. ಆಮೇಲೆ ಬಂದದ್ದು "ಮಕ್ಕಳಿಗೆ ಉಚಿತ". ಅಪ್ಪ ಅಮ್ಮ ಅರ್ಧ ದರ ಕೊಟ್ಟರೆ ಮಕ್ಕಳಿಗೆ ದರವೇ ಇಲ್ಲ. ಕಳೆದುಕೊಂಡ ಆ ಅರ್ಧವನ್ನ ಕಂಪನಿ ಎಲ್ಲಿಂದಲಾದರೂ ಉಳಿಸಬೇಕಲ್ಲ, ಹಡಗಿನ ಕೆಲಸದವರನ್ನ ಇಳಿಸಿತು. ನಿನ್ನ ಜೊತೆಯ ಇಬ್ಬರನ್ನ ಯಾಕೆ ಕಳಿಸಿದರು ಅಂತ ಕೇಳಿದ್ದೆಯಲ್ಲ, ಇದಕ್ಕೇ. ಆ ಇಪ್ಪತ್ತೆಂಟು ಮಕ್ಕಳಲ್ಲಿ ಆರನ್ನ ಕಳಿಸಿದವನು ನಾನು. ಹಳೆಯ ಫಾರಂಗಳನ್ನ ತೆಗೆದು ನೋಡಿದೆ. ಮೇಜಿನ ಕೆಳಗೆ ಅವಿತಿದ್ದ ಎರಡು ಯಾವುವೋ ಏನೋ.

ನಿಮ್ಮಮ್ಮನಿಗೆ ಇದಿಷ್ಟನ್ನೂ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ನನ್ನ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟು ಬಂದು, "ಈಗ ಬರೀರಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಸಹಿ ಹಾಕಬೇಡ ಮಗಳೇ. ಬಂದುಬಿಡು. ಕೆಲಸ ಏನು, ಇವತ್ತಲ್ಲ ನಾಳೆ ಸಿಗುತ್ತೆ. ಸಿಗದಿದ್ದರೆ ಮೂರು ತಿಂಗಳು ಮಲಗಿ ನಿದ್ದೆ ಮಾಡು, ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೇವೆ, ಬಣ್ಣ ನಿನಗೆ ಹಿಡಿಸುವುದಿಲ್ಲ, ಬಂದು ಜಗಳ ಆಡು. ಇಪ್ಪತ್ತೆರಡಕ್ಕೆ ನಿಮ್ಮ ಹಡಗು ಬಂದರಿಗೆ ಬಂದಾಗ ಏಜೆಂಟರು ಇದನ್ನ ನಿನ್ನ ಕೈಗೆ ಕೊಡುತ್ತಾರೆ. ಸಹಿಗೆ ಇನ್ನೂ ಮೂರು ದಿನ ಇರುತ್ತೆ, ಸಾಕು.

ಕಾಲು ಒದ್ದೆಯಲ್ಲಿ ಇಟ್ಟುಕೊಂಡು ನಿಲ್ಲಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಏನೂ ಆಗದಿರಲಿ, ನಿನ್ನ ಕೈಲಿರುವ ಆ ಮಕ್ಕಳಿಗೂ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ. ನಿಮ್ಮಮ್ಮ ತನ್ನದನ್ನೂ ಸೇರಿಸಿ ಅಂದಳು, ಸೇರಿಸಿದ್ದೇನೆ.

ನಿನ್ನ,
ಅಪ್ಪ

ತಾ.ಕ.: ಸೋಮವಾರ, ಆಫೀಸಿನಿಂದ. ನಿಮ್ಮಮ್ಮ ಓದಿ ಅಂಟಿಸಿಕೊಟ್ಟ ಲಕೋಟೆಯನ್ನ ಬಿಚ್ಚಿ ಇದನ್ನ ಬರೆಯುತ್ತಿದ್ದೇನೆ. ಅವಳಿಗೆ ಹೇಳದ್ದು ಒಂದಿದೆ, ನಿನಗೆ ಗೊತ್ತಿರುವುದೇ.

ಮೊನ್ನೆ ಶನಿವಾರ ಹಡಗು ದಡ ಬಿಡುವ ಮೊದಲು ನೀನು ಇಲ್ಲಿಗೆ ಫೋನ್ ಮಾಡಿದೆ, ಈಗ ಸಮುದ್ರದ ನಡುವೆ ನಿನ್ನ ಫೋನು ಸಿಗುವುದಿಲ್ಲ. ಎದುರಿಗೆ ಗಂಡ ಹೆಂಡತಿ, ಎರಡು ಮಕ್ಕಳು ಕೂತಿದ್ದರು. ಗಂಡ ಸರಿ ಅಂತಿದ್ದ, ಹೆಂಡತಿ ಮೀನಮೇಷ ಎಣಿಸುತ್ತಿದ್ದಳು. ನಿನ್ನ ಹೆಸರು ಕಂಡ ಕೂಡಲೇ ನಾನು ಸ್ಪೀಕರ್ ಒತ್ತಿದೆ. ನೀನು ಮೊದಲು ಕೇಳಿದ್ದು, "ಅಪ್ಪಾ, ನನ್ನ ಕಾಗದ ಬಂತಾ?" ನಾನು ನಗುತ್ತಾ, "ಬಂತಮ್ಮಾ, ಬಂತು. ನೋಡು, ಮುಂದಿನ ತಿಂಗಳು ನಿಮ್ಮ ಹಡಗಿಗೆ ಬರೋರು ಇಲ್ಲೇ ಕೂತಿದ್ದಾರೆ, ಹೇಗಿದೆ ಅಂತ ನೀನೇ ಹೇಳಿಬಿಡು" ಅಂದೆ. ನೀನು ಮಕ್ಕಳ ಹತ್ತಿರ ಮಾತಾಡುವ ದನಿಯಲ್ಲಿ, "ತುಂಬಾ ಚೆನ್ನಾಗಿದೆ, ಬನ್ನಿ" ಅಂದೆ. ಆ ತಾಯಿ ಮೇಜಿನ ಮೇಲೆ ಬಗ್ಗಿ, "ನಮ್ಮ ಚಿಕ್ಕದಕ್ಕೆ ನೀರಂದ್ರೆ ಭಯ. ಆಗ ನೀವೇ ಇರ್ತೀರಲ್ವಾ?" ಅಂತ ಕೇಳಿದಳು. ನೀನು, "ಇರ್ತೀನಿ" ಅಂದೆ.

ನಾನು ನಿನ್ನ ಅಪ್ಪ. ನೀನು ಅತ್ತು ಮುಗಿಸಿದ ದನಿ ಯಾವುದು, ಅಳು ನುಂಗಿದ ದನಿ ಯಾವುದು ಅಂತ ನನಗೆ ಗೊತ್ತಾಗುತ್ತೆ. ಗೊತ್ತಾದರೂ ಟಿಕೆಟ್ ಮುದ್ರಿಸಿದೆ.

ಇವತ್ತು ಬೆಳಿಗ್ಗೆ ಆ ಮನೆಗೆ ಫೋನ್ ಮಾಡಿ, ನನ್ನ ಮಗಳು ಇರುವುದಿಲ್ಲ, ಅಲ್ಲಿ ಮಕ್ಕಳನ್ನ ನೋಡಿಕೊಳ್ಳೋಕೆ ಸಾಕಷ್ಟು ಜನ ಇಲ್ಲ, ದಯವಿಟ್ಟು ಹೋಗಬೇಡಿ ಅಂದೆ. ಆ ತಾಯಿ ನಕ್ಕುಬಿಟ್ಟಳು. "ತಂದೆ ಅಲ್ವಾ, ನಿಮಗೆ ಮಗಳ ಚಿಂತೆ. ಅವರೇ ಇರ್ತೀನಿ ಅಂದ್ರಲ್ಲ, ನಾವು ಕಿವಿಯಾರೆ ಕೇಳಿದೀವಿ" ಅಂದಳು.

ನಿನ್ನ ಸ್ವಭಾವ ನನಗೆ ಗೊತ್ತು. ಇರ್ತೀನಿ ಅಂದಮೇಲೆ ನೀನು ಇರುತ್ತೀಯ. ಮನೆಗೆ ಬರಲಾ ಅಂತ ಕೇಳೋಕೆ ಫೋನ್ ಮಾಡಿದವಳ ಬಾಯಲ್ಲಿ ಆ ಮಾತು ಆಡಿಸಿದವನು ನಾನು. ಅದು ನೀನು ಕೊಟ್ಟ ಮಾತಲ್ಲ ಮಗಳೇ. ಮುರಿದು ಬಾ.