ರಸ್ತೆಯಾಚೆಯ ತಂಗುದಾಣ

ಶಹಾಪುರ
೧೧ ಫೆಬ್ರವರಿ ೨೦೨೫

ಪ್ರೀತಿಯ ಕಸ್ತೂರಿ ಚಿಗವ್ವನಿಗೆ ನಿನ್ನ ಯಶೋಧರಾಳ ಜೈಭೀಮ್.

ನೀನು ಸೈದಾಪುರದ ತವರಿಗೆ ಹೋದ ಮೇಲೆ ನಮ್ಮೂರ ಕ್ರಾಸಿನಲ್ಲಿ ಒಂದು ಸಭೆ ನಡೆಯಿತು. ಬೇರೆಯವರು ಬಣ್ಣ ಹಚ್ಚಿ ಹೇಳುವ ಮೊದಲೇ ಬರೆಯುತ್ತಿದ್ದೇನೆ.

ಸಂಗಮನಾಥ ಸಾಹುಕಾರ ಮತ್ತೆ ಜಿಲ್ಲಾ ಪಂಚಾಯಿತಿಗೆ ನಿಲ್ಲುವವನಿದ್ದಾನೆ. ಮೈಕು ಹಿಡಿದವನು ಮೊದಲ ಮಾತಿಗೇ ನಿನ್ನ ಮಗಳ, ನಮ್ಮ ಮೋನಿಯ ಹೆಸರು ತೆಗೆದ. "ಬಸ್ ನಿಲ್ಲೋ ಜಾಗ ಹೆದ್ದಾರಿ ಆಚಿಗೆ ಒಯ್ದದ್ದು ನಂದೇ ತಪ್ಪು. ಹುಡುಗ್ಯಾರು ಆ ಲಾರಿಗಳ ನಡುವ ಹ್ಯಾಂಗ ದಾಟ್ತಾರಂತ ಒಂದಿನಾನೂ ನಿಂತು ನೋಡಲಿಲ್ಲ. ನಿಮ್ಮ ಕೂಸು ನನ್ನ ಸಹಿಗೇ ಸತ್ತದ" ಅಂದ. ಜನ ಚಪ್ಪಾಳೆ ತಟ್ಟಿದರು, ಚಿಗವ್ವ. ಚಪ್ಪಾಳೆ!

ನಾನು ಎದ್ದು ಕೂಗಿದೆ: "ತಪ್ಪು ಒಪ್ಕೊಂಡ್ರ ಹಾರ ಹಾಕಬೇಕೇನ್ರಿ? ಕೂಲಿಯವ್ರು ತಪ್ಪು ಮಾಡಿದ್ರ ಪಗಾರ ಮುರೀತೀರಿ, ನಿಮ್ಮ ತಪ್ಪಿಗೆ ಓಟು ಕೊಡಬೇಕಾ?" ಕರಪತ್ರದಲ್ಲೂ ಇದನ್ನೇ ಅಚ್ಚು ಹಾಕಿಸಿದ್ದೆ. ಹಿಂದಿನ ಸಾಲಿನಿಂದ ನಮ್ಮೂರ ಕಾಂತೇಶ, "ನಿನ್ನ ಕರಪತ್ರದಾಗ ಹೋಟೆಲ್‌ನವ್ರು ಮಿರ್ಚಿ ಕಟ್ಟಾಕತ್ತಾರ, ಕುಂದ್ರವಾ" ಎಂದ. ನಾಲ್ಕು ಜನ ನಕ್ಕರು.

ಅಷ್ಟರಲ್ಲಿ ಯಾರೋ, "ಜಾಗ ಬದಲು ಮಾಡ್ರಿ ಅಂತ ಅರ್ಜಿ ಕೊಟ್ಟವ್ರು ಯಾರ್ರಿ?" ಎಂದು ಕೇಳಿದರು. ಸಾಹುಕಾರ ನನ್ನ ಕಡೆ ನೋಡಲಿಲ್ಲ. "ಅರ್ಜಿ ಯಾರರೆ ಕೊಡ್ಲಿ, ಸಹಿ ನಂದು" ಎಂದ. ನಾನು ಕೂತುಬಿಟ್ಟೆ.

ನಿನ್ನ ಅತ್ತೆ ಭೀಮಾಬಾಯಿ ಆಯಿ ಎದ್ದು ಹೋಗಿ ಅವನ ಕೈಗೆ ಒಂದು ಚರಗಿ ನೀರು ಕೊಟ್ಟಳು. "ಸುಳ್ಳು ಹೇಳಲಿಲ್ಲ, ಅದಕ್ಕ ನೀರು ಕುಡಿ. ಓಟು ಮಾತ್ರ ಕೇಳಬ್ಯಾಡಪಾ" ಎಂದಳು. ಅವನು ಎಲ್ಲರೆದುರು ಕುಡಿದ.

ಇನ್ನೊಂದು ಮಾತು, ಬರೆಯಲು ಕೈ ಏಳುತ್ತಿಲ್ಲ. ಈ ಸಲ ಬಸ್ಸಿಗೆ ಹೊಸ ಜಾಗ ಗೊತ್ತು ಮಾಡುವ ಮುಂಚೆ ಅವನು ಮೂರು ದಿನ ಹೈಸ್ಕೂಲಿನ ಹುಡುಗಿಯರ ಜೊತೆ ನಿಂತು ಕೇಳಿದ್ದಾನೆ. ಅವರು ತೋರಿಸಿದಲ್ಲೇ, ಈಚೆ ಬದಿಗೆ, ಶಾಲೆಯ ಗೋಡೆಯ ಪಕ್ಕ ಈಗ ಬಸ್ ನಿಲ್ಲುತ್ತದೆ. ಕಲಿತಿದ್ದಾನೆ. ನನ್ನ ಓಟು ಅವನಿಗಿಲ್ಲ, ಆದರೆ ಅವನನ್ನು ಸುಳ್ಳ ಅನ್ನುವ ಬಾಯಿ ನನಗಿಲ್ಲ.

ಆಚೆಯ ತಂಗುದಾಣ ಖಾಲಿ ಬಿದ್ದಿದೆ. ನಾನು ಆ ಕಡೆ ಹೋಗುವುದಿಲ್ಲ. ಇಲ್ಲಿ ಶಹಾಪುರದಲ್ಲೂ ರಸ್ತೆ ದಾಟುವಾಗ ಯಾರೋ ನನ್ನ ಓಢಣಿಯ ತುದಿ ಹಿಡಿದಂತಾಗುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ.

ನಿನ್ನ ಮಗಳಂಥವಳು,
ಯಶೋಧರಾ

ತಾ.ಕ.: ಆ ಅರ್ಜಿ ಬರೆದವಳು ನಾನು. ಎಲ್ಲಕ್ಕೂ ಮೊದಲು ಬಸ್ ನಿಲ್ಲುತ್ತಿದ್ದ ಜಾಗ ಸೆರೆ ಅಂಗಡಿಯ ಮುಂದಿತ್ತು. ಹುಡುಗಿಯರಿಗೆ ಕುಡುಕರ ಕಾಟ ತಪ್ಪಲಿ ಎಂದು ಬರೆದೆ. ಜಾಗ ಹೆದ್ದಾರಿಯ ಆಚೆಗೆ ಬದಲಾದ ಮೊದಲ ದಿನವೇ ಮೋನಿ ನನ್ನ ಓಢಣಿ ಹಿಡಿದು, "ಅಕ್ಕಾ, ದಾಟಾಕ ಹೆದರಿಕಿ ಆಗ್ತದ" ಎಂದಿದ್ದಳು. "ಹೆದರೋರಿಂದ ಏನೂ ಬದಲಾಗಂಗಿಲ್ಲ" ಎಂದು ನಾನೇ ಅವಳ ಕೈ ಬಿಡಿಸಿದೆ. ಭಾನುವಾರ ಸೈದಾಪುರಕ್ಕೆ ಬರುತ್ತೇನೆ, ಬಾಗಿಲಲ್ಲೇ ನಿಲ್ಲುತ್ತೇನೆ. ನನಗೆ ನೀರು ಕೊಡಬೇಕೋ ಬೇಡವೋ, ನೀನೇ ಹೇಳು.